ಎಲ್ಲರ ನೀರು, ಯಾರ ಕೆಲಸ?

ಕೆಲಸಗಳಲ್ಲಿ ಎರಡು ವಿಧ. ಮಾಡಿದರೆ ಕಾಣುವ ಕೆಲಸ ಒಂದು, ಮಾಡದಿದ್ದರೆ ಮಾತ್ರ ಕಾಣುವ ಕೆಲಸ ಇನ್ನೊಂದು. ಬಿತ್ತನೆ, ಕೊಯ್ಲು, ಮಾರಾಟ ಇವು ಮೊದಲನೆಯ ವಿಧಕ್ಕೆ ಸೇರಿದವು. ಊರಿನವರೆಲ್ಲ ನೋಡುತ್ತಾರೆ, ನೋಡಿ ಮೆಚ್ಚುತ್ತಾರೆ. ಆದರೆ ಒಡ್ಡಿನ ಬಿರುಕು ಮುಚ್ಚುವುದು, ನೀರಿನ ಪೈಪಿನ ಕಸ ತೆಗೆಯುವುದು, ರೋಗ ಬಂದ ಗಿಡವನ್ನು ಕಿತ್ತುಹಾಕುವುದು, ಮುಂದಿನ ಹಂಗಾಮಿಗೆ ಬೀಜ ಒಣಗಿಸಿ ಇಡುವುದು ಇಂಥವನ್ನು ಯಾರೂ ಗಮನಿಸುವುದಿಲ್ಲ. ಅವು ನಡೆಯದೆ ಹೋದಾಗ ಮಾತ್ರ, ಅದೂ ಮೂರು ನಾಲ್ಕು ತಿಂಗಳ ತರುವಾಯ, ಎಲ್ಲರ ಬಾಯಲ್ಲಿ ಒಂದೇ ಪ್ರಶ್ನೆ: ಇದನ್ನು ಯಾರು ನೋಡಿಕೊಳ್ಳಬೇಕಾಗಿತ್ತು?

ಈ ಪ್ರಶ್ನೆಯನ್ನು ಕುರಿತು ನಿಮ್ಮೊಡನೆ ಕೆಲವು ವಿಚಾರಗಳನ್ನು ಹಂಚಿಕೊಳ್ಳಬಯಸುತ್ತೇನೆ. ಅದಕ್ಕೆ ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯ ರಾಮಥಾಳವನ್ನು, ಅಲ್ಲಿನ ಸುತ್ತಮುತ್ತ ಅರ್ಧ ಎಕರೆಯಲ್ಲೋ ಒಂದು ಎಕರೆಯಲ್ಲೋ ಹೂವು ತರಕಾರಿ ಬೆಳೆಯುವ ಸಣ್ಣ ರೈತರ ಚಳಿಗಾಲವನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇನೆ. ಕಾರಣವಿಷ್ಟೆ: ಈ ಪ್ರಶ್ನೆ ಎಲ್ಲ ಊರುಗಳಲ್ಲೂ ಇದೆ, ರಾಮಥಾಳದಲ್ಲಿ ಅದು ಮಣ್ಣಿನಡಿಯ ಪೈಪುಗಳ ರೂಪದಲ್ಲಿ ಹೊಲಹೊಲಕ್ಕೂ ಹರಡಿಕೊಂಡಿದೆ.

ಚಳಿಗಾಲದ ದುಡಿಮೆ

ನಮ್ಮ ಬಯಲುಸೀಮೆಯಲ್ಲಿ ಹಿಮ ಬೀಳುವುದಿಲ್ಲ, ನೆಲ ಹೆಪ್ಪುಗಟ್ಟುವುದಿಲ್ಲ. ಮಾರ್ಗಶಿರ, ಪುಷ್ಯ, ಮಾಘ ಮಾಸಗಳ ಚಳಿಯೆಂದರೆ ಮುಂಜಾನೆಯ ಇಬ್ಬನಿ, ಕಂಬಳಿ ಹೊದ್ದು ಹೊಲಕ್ಕೆ ಹೋಗುವ ಒಂದೆರಡು ತಾಸು, ಅಷ್ಟೆ. ಎರಿಹೊಲಗಳಲ್ಲಿ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ ನಿಂತಿರುತ್ತವೆ. ವಸಂತವೆಂದು ಪಂಚಾಂಗ ಕರೆಯುವ ಚೈತ್ರ ವೈಶಾಖಗಳು ಇಲ್ಲಿ ಕವಿಗಳ ವಸಂತದಂತಿಲ್ಲ. ಬಿಸಿಲು ಸುಮಾರು 40 ಡಿಗ್ರಿ ಮುಟ್ಟುವ ಕಾಲ ಅದು. ವರ್ಷದ ಸರಾಸರಿ ಮಳೆ 600 ಮಿಲಿಮೀಟರಿನ ಒಳಗೇ ಉಳಿಯುವ ಸೀಮೆಯಿದು. ಆದುದರಿಂದ ಬೇಸಿಗೆಯಲ್ಲಿ ಹಸಿರಾಗಿರಬೇಕಾದ ಹೂದೋಟದ ಹಣೆಬರಹವನ್ನು ಚಳಿಗಾಲದಲ್ಲಿಯೇ ಬರೆಯಬೇಕಾಗುತ್ತದೆ.

ಮಲ್ಲಿಗೆಯನ್ನೇ ನೋಡಿರಿ. ಬೇಸಿಗೆಯಲ್ಲಿ ಘಮಘಮಿಸುವ ದುಂಡುಮಲ್ಲಿಗೆಯ ಗಿಡವನ್ನು ನವೆಂಬರ್ ಕೊನೆಯಿಂದ ಚಳಿ ಮುಗಿಯುವುದರೊಳಗೆ ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಸವರುತ್ತಾರೆ. ಸವರುವುದಕ್ಕೆ ಮೊದಲು ಕೆಲವು ದಿನ ನೀರು ನಿಲ್ಲಿಸುತ್ತಾರೆ. ಆಮೇಲೆ ಬುಡ ಬಿಡಿಸಿ, ತಿಪ್ಪೆಗೊಬ್ಬರ ಹಾಕಿ, ನೀರು ಕೊಡುತ್ತಾರೆ. ಮಾರ್ಚ್ ತಿಂಗಳ ಸುಮಾರಿಗೆ ಹೊಸ ಚಿಗುರಿನಲ್ಲಿ ಮೊಗ್ಗು ಕಟ್ಟುತ್ತದೆ. ಹೂ ಮುಗಿದ ಸೇವಂತಿಗೆಯನ್ನು ಬುಡದವರೆಗೆ ಕತ್ತರಿಸಿ, ಅದರ ಬುಡದಿಂದೇಳುವ ಕಂದುಗಳನ್ನು ಮುಂಗಾರಿನ ನಾಟಿಗಾಗಿ ಬೇಸಿಗೆಯುದ್ದಕ್ಕೂ ನೆರಳು ನೀರು ಕೊಟ್ಟು ಬದುಕಿಸಿಕೊಳ್ಳಬೇಕು. ಚೆಂಡುಹೂವಿನ ಸಸಿ ಮಡಿಯಲ್ಲಿ ಇಪ್ಪತ್ತೈದು ಮೂವತ್ತು ದಿನ ಬೆಳೆಯಬೇಕು, ನಾಟಿ ಮಾಡಿದ ಮೇಲೆ ಸುಮಾರು ಎರಡು ತಿಂಗಳಿಗೆ ಹೂವು. ಎಂದರೆ ಯುಗಾದಿಯ ದಿನ ನಿಮ್ಮ ಬಾಗಿಲಿಗೆ ಬರುವ ಹಳದಿ ಮಾಲೆಯ ಬೀಜ ಸಂಕ್ರಾಂತಿಗೂ ಮುಂಚೆಯೇ ಮಡಿಗೆ ಬಿದ್ದಿರಬೇಕು. ಹೀರೆ, ಸವತೆ, ಹಾಗಲದ ಬೀಜವನ್ನು ಜನವರಿ ಫೆಬ್ರವರಿಯಲ್ಲಿ ನೇರವಾಗಿ ಗುಣಿಗೆ ಊರುತ್ತಾರೆ. ಮೆಣಸಿನಕಾಯಿ, ಬದನೆ, ಟೊಮ್ಯಾಟೊ ಸಸಿಮಡಿಗಳ ಕೆಲಸವೂ ಇದೇ ಸಮಯದಲ್ಲಿ.

ಇದಲ್ಲದೆ ಇನ್ನೊಂದು ಗುಂಪಿನ ಕೆಲಸಗಳಿವೆ. ಹಣ್ಣು ಮುಗಿದ ಟೊಮ್ಯಾಟೊ, ಬೆಂಡೆ, ಬದನೆ, ಮೆಣಸಿನ ಗಿಡಗಳನ್ನು ಬೇರು ಸಹಿತ ಕಿತ್ತು ತೆಗೆಯಬೇಕು. ಟೊಮ್ಯಾಟೊದ ಎಲೆಮುಟುರು, ಬೆಂಡೆಯ ಹಳದಿ ನಂಜು ಬಿಳಿನೊಣದಿಂದ ಹರಡುವ ರೋಗಗಳು. ಬದನೆಯ ಕಾಯಿಕೊರಕ ಹುಳು ಹಳೆಯ ಗಿಡಗಳಲ್ಲಿ ವಂಶ ಬೆಳೆಸಿಕೊಂಡು ಕಾದಿರುತ್ತದೆ. ಮಳೆಗಾಲದಲ್ಲಿ ಕೊರೆದುಹೋದ ಬದುಗಳಿಗೆ ಮಣ್ಣು ಏರಿಸಬೇಕು, ಒಡ್ಡಿನ ಕೋಡಿಗೆ ಕಲ್ಲು ಹೊಂದಿಸಬೇಕು. ಡ್ರಿಪ್ ಪೈಪುಗಳ ತುದಿ ಬಿಚ್ಚಿ, ನೀರು ಬಿಟ್ಟು, ಒಳಗೆ ಕೂಡಿದ ಕೆಸರು ಪಾಚಿಗಳನ್ನು ಹೊರಗೆ ಹರಿಸಬೇಕು. ಫಿಲ್ಟರ್ ತೊಳೆಯಬೇಕು. ಇಲಿ ಅಳಿಲು ಕಡಿದ ಕಡೆ ಜೋಡಿಸಬೇಕು. ಗಂಟೆಗೆ ನಾಲ್ಕೇ ಲೀಟರ್ ನೀರು ತೊಟ್ಟಿಕ್ಕಿಸುವ ಸಣ್ಣ ರಂಧ್ರವದು. ಉಪ್ಪು ಕಟ್ಟಿ ಅದು ಮುಚ್ಚಿಕೊಂಡದ್ದು ಪುಷ್ಯಮಾಸದ ತಂಪಿನಲ್ಲಿ ಗೊತ್ತೇ ಆಗುವುದಿಲ್ಲ. ಚೈತ್ರದಲ್ಲಿ ಆ ಒಂದು ಗಿಡ ಬಾಡಿದಾಗ ಗೊತ್ತಾಗುತ್ತದೆ, ಆಗ ಹೊತ್ತು ಮೀರಿರುತ್ತದೆ.

ಲಾಭ ಯಾರದು?

ಈಗ ಈ ಎರಡು ಗುಂಪುಗಳನ್ನು ಹೋಲಿಸಿ ನೋಡೋಣ. ಮಲ್ಲಿಗೆ ಸವರಿದವನಿಗೇ ಮಲ್ಲಿಗೆಯ ಹಣ ಬರುತ್ತದೆ. ಸಸಿಮಡಿ ಮಾಡಿದವನೇ ಸಸಿ ನೆಡುತ್ತಾನೆ. ಇಂಥ ಕೆಲಸಕ್ಕೆ ಉಪದೇಶ ಬೇಕಿಲ್ಲ, ಸ್ವಂತ ಲಾಭವೇ ಬೆಳಿಗ್ಗೆ ಎಬ್ಬಿಸುತ್ತದೆ. ಎರಡನೆಯ ಗುಂಪಿನಲ್ಲಿ ಲೆಕ್ಕ ಬೇರೆ. ನನ್ನ ಬೆಳೆ ಮುಗಿದು ನಾನು ಹಣ ಎಣಿಸಿಕೊಂಡ ಮೇಲೆ ಆ ಹಳೆಯ ಬೆಂಡೆಯ ಗಿಡಗಳಿಂದ ನನಗೇನೂ ತೊಂದರೆಯಿಲ್ಲ. ಅವನ್ನು ಕೀಳಲು ಎರಡು ದಿನದ ಕೂಲಿ ಖರ್ಚು ನನ್ನದು. ಕೀಳದಿದ್ದರೆ ಬಿಳಿನೊಣ ಹಾರುವುದು ಪಕ್ಕದ ಹೊಲದ ಎಳೆಯ ಸಸಿಗಳಿಗೆ. ಬಿಳಿನೊಣಕ್ಕೆ ಸರ್ವೆ ನಂಬರು ತಿಳಿಯದು! ಬದುವಿನ ಕಥೆಯೂ ಹಾಗೆಯೇ. ಮೇಲಿನ ಹೊಲದ ಒಡ್ಡು ಒಡೆದರೆ ಕೊಚ್ಚಿಹೋಗುವುದು ಕೆಳಗಿನ ಹೊಲದ ಮಣ್ಣು.

ಇಲ್ಲಿಯೇ ನಮ್ಮ ನೈತಿಕ ಪ್ರಶ್ನೆ ಹುಟ್ಟುತ್ತದೆ. ನಾನು ಪಕ್ಕದವನ ಹೊಲಕ್ಕೆ ಕೈ ಹಾಕಿಲ್ಲ, ಏನನ್ನೂ ಕದ್ದಿಲ್ಲ, ಸುಳ್ಳಾಡಿಲ್ಲ. ಒಂದು ಕೆಲಸ ಮಾಡದೆ ಸುಮ್ಮನಿದ್ದೆ, ಅಷ್ಟೆ. ಸುಮ್ಮನಿದ್ದುದು ತಪ್ಪಾಗಬಹುದೆ?

ನಮ್ಮ ಪಾಪನಿವೇದನೆಯ ಪ್ರಾರ್ಥನೆಯಲ್ಲಿ ಮಾಡಿದ ಪಾಪಗಳ ಜೊತೆಗೆ ಮಾಡದೆ ಬಿಟ್ಟ ಕರ್ತವ್ಯಗಳನ್ನೂ ಹೆಸರಿಸುತ್ತೇವೆಂಬುದು ನಿಮಗೆ ತಿಳಿದೇ ಇದೆ. ಆದರೂ ಮಾಡದೆ ಬಿಟ್ಟುದನ್ನು ತಪ್ಪೆಂದು ಗುರುತಿಸುವುದು ಬಹಳ ಕಷ್ಟ. ಏಕೆಂದರೆ ಕಳ್ಳತನಕ್ಕೆ ಒಂದು ದಿನಾಂಕವಿದೆ, ಒಂದು ಸ್ಥಳವಿದೆ, ಸಾಕ್ಷಿಯಿದೆ. ಲೋಪಕ್ಕೆ ಇವು ಯಾವುವೂ ಇಲ್ಲ. ಪುಷ್ಯದಲ್ಲಿ ಕೀಳದೆ ಬಿಟ್ಟ ಗಿಡಕ್ಕೂ ಫಾಲ್ಗುಣದಲ್ಲಿ ಮುರುಟಿದ ನೆರೆಯವನ ಟೊಮ್ಯಾಟೊಕ್ಕೂ ನಡುವೆ ಎರಡು ತಿಂಗಳ ಅಂತರ. ಆ ಅಂತರದಲ್ಲಿ ನಮ್ಮ ಮನಸ್ಸಾಕ್ಷಿ ನಿದ್ರೆ ಹೋಗುತ್ತದೆ. ನೆರೆಯವನೂ ಹಣೆಬರಹವೆಂದು ಸುಮ್ಮನಾಗುತ್ತಾನೆ. ತಿಳಿಯದೆ ಆದದ್ದು ತಪ್ಪಲ್ಲ, ನಿಜ. ಆದರೆ ತಿಳಿದಿದ್ದೂ, ಮಾಡುವ ಶಕ್ತಿ ಇದ್ದೂ, ಇನ್ನೊಬ್ಬರಿಗೆ ಹಾನಿಯಾಗುವುದೆಂಬುದು ಸ್ಪಷ್ಟವಿದ್ದೂ ಬಿಟ್ಟರೆ ಅದು ಸುಮ್ಮನಿದ್ದುದಾಗುವುದಿಲ್ಲ. ನಷ್ಟವನ್ನು ನೆರೆಯವನ ಖಾತೆಗೆ ಬರೆದುದಾಗುತ್ತದೆ.

ರಾಮಥಾಳದ ಪೈಪುಗಳು

ಒಬ್ಬ ನೆರೆಯವನಿದ್ದಾಗಲೇ ಪ್ರಶ್ನೆ ಇಷ್ಟು ಕಠಿಣ. ಸಾವಿರಾರು ನೆರೆಯವರಿದ್ದರೆ?

ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ನೆಲದಡಿಯ ಕೊಳವೆಗಳ ಮೂಲಕ ಹೊಲಹೊಲಕ್ಕೆ ಒಯ್ದು, ಅಲ್ಲಿ ಹನಿಹನಿಯಾಗಿ ಬೇರಿಗೆ ತಲುಪಿಸುವ ರಾಮಥಾಳ ಹನಿ ನೀರಾವರಿ ಯೋಜನೆ 2010ರ ದಶಕದಲ್ಲಿ ನಿರ್ಮಾಣಗೊಂಡಿತು. ಸುಮಾರು 24,000 ಹೆಕ್ಟೇರ್ ಪ್ರದೇಶಕ್ಕಾಗಿ ಯೋಜಿಸಿದ ಇದನ್ನು ಏಷ್ಯಾದಲ್ಲಿಯೇ ಅತಿ ದೊಡ್ಡ ಹನಿ ನೀರಾವರಿ ಯೋಜನೆಗಳಲ್ಲಿ ಒಂದೆಂದು ಬಣ್ಣಿಸಲಾಯಿತು. ಕಾಲುವೆಯಲ್ಲಿ ಹರಿಸಿದರೆ ಇಂಗಿ ಆವಿಯಾಗಿ ಹೋಗುವ ನೀರನ್ನು ಉಳಿಸಿ, ಅದೇ ನೀರಿನಲ್ಲಿ ಹೆಚ್ಚು ಹೊಲಗಳನ್ನು ಮುಟ್ಟಬೇಕೆಂಬುದು ಉದ್ದೇಶ. ಮಳೆಯನ್ನೇ ನಂಬಿದ್ದ ಸೀಮೆಗೆ ಇದು ಸಣ್ಣ ಮಾತಲ್ಲ. ಕುಟುಂಬದ ದುಡಿಯುವ ಮಕ್ಕಳು ಬೇಸಿಗೆಯಲ್ಲಿ ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ಗುಳೆ ಹೋಗಬೇಕೆ, ಬೇಡವೆ ಎಂಬುದನ್ನು ಅರ್ಧ ಎಕರೆ ತರಕಾರಿಯ ನೀರು ನಿರ್ಧರಿಸುವ ಸೀಮೆಯಿದು.

ಆದರೆ ನಂತರದ ವರ್ಷಗಳಲ್ಲಿ ಪೈಪುಗಳು ಒಡೆದ, ಕಿತ್ತುಹೋದ, ಕೆಲವು ಹೊಲಗಳಿಗೆ ನೀರು ತಲುಪದ ದೂರುಗಳೂ ಪತ್ರಿಕೆಗಳಲ್ಲಿ ಬಂದವು. ಇದರಲ್ಲಿ ಯಾರ ಪಾಲಿನ ತಪ್ಪು ಎಷ್ಟು ಎಂದು ತೀರ್ಪು ಕೊಡುವುದು ಈ ಲೇಖನದ ಉದ್ದೇಶವಲ್ಲ. ನಾವು ಗಮನಿಸಬೇಕಾದುದು ಇಂಥ ವ್ಯವಸ್ಥೆಯ ಸ್ವಭಾವವನ್ನು. ಒತ್ತಡದಿಂದ ನೀರು ಸಾಗುವ ಕೊಳವೆಯ ಜಾಲದಲ್ಲಿ ಮೇಲ್ಭಾಗದ ಒಬ್ಬ ರೈತ ವಾಲ್ವ್ ಕಿತ್ತು ನೀರನ್ನು ನೇರವಾಗಿ ಹಾಯಿಸಿಕೊಂಡರೆ ಕೊನೆಭಾಗದ ಹೊಲಗಳಲ್ಲಿ ಒತ್ತಡ ಇಳಿಯುತ್ತದೆ, ಹನಿ ನಿಲ್ಲುತ್ತದೆ. ನೇಗಿಲಿಗೆ ಸಿಕ್ಕಿ ಒಂದು ಪೈಪು ತುಂಡಾಗಿ ಯಾರೂ ಜೋಡಿಸದೆ ಬಿಟ್ಟರೂ ಫಲ ಅದೇ. ತೆರೆದ ಕಾಲುವೆಯಲ್ಲಾದರೆ ನೀರು ಎಲ್ಲಿ ಹೋಯಿತೆಂಬುದನ್ನು ಬದುವಿನ ಮೇಲೆ ನಡೆದು ನೋಡಬಹುದು. ನೆಲದಡಿಯ ಕೊಳವೆಯಲ್ಲಿ ನೀರೂ ಕಾಣದು, ಲೋಪವೂ ಕಾಣದು. ಹೀಗಾಗಿ ತಂತ್ರಜ್ಞಾನ ಸೂಕ್ಷ್ಮವಾದಷ್ಟೂ ಅದು ನಮ್ಮ ಪ್ರಾಮಾಣಿಕತೆಯನ್ನು ಹೆಚ್ಚು ಬೇಡುತ್ತದೆ.

ತತ್ವಜ್ಞಾನಿಗಳ ಮಾತು

ಬಹಳ ಜನರಿಗೆ ಸೇರಿದ ವಸ್ತುವಿಗೆ ಅತ್ಯಂತ ಕಡಿಮೆ ಆರೈಕೆ ದೊರೆಯುತ್ತದೆ ಎಂಬುದನ್ನು ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ತನ್ನ ರಾಜ್ಯಶಾಸ್ತ್ರದ ಗ್ರಂಥದಲ್ಲಿ ಗುರುತಿಸಿದ್ದನು. ಬೇರೊಬ್ಬ ನೋಡಿಕೊಳ್ಳುವನೆಂದು ಪ್ರತಿಯೊಬ್ಬನೂ ಎಣಿಸುವುದೇ ಇದಕ್ಕೆ ಕಾರಣ. 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಸ್ವಂತ ಆಸ್ತಿಯ ವಿಚಾರವನ್ನು ಚರ್ಚಿಸುವಾಗ ಇದನ್ನು ಒಪ್ಪಿಕೊಂಡರು. ಮನುಷ್ಯನು ತನ್ನದೆಂಬುದನ್ನು ಹೆಚ್ಚು ಜೋಪಾನ ಮಾಡುತ್ತಾನೆ. ಆದುದರಿಂದ ಸ್ವಂತ ಆಸ್ತಿ ಹೊಂದುವುದು ನ್ಯಾಯವೇ ಎಂದರು. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಬಳಕೆಯ ವಿಷಯದಲ್ಲಿ ಮಾತ್ರ ಮನುಷ್ಯನು ತನ್ನ ವಸ್ತುವನ್ನು ಎಲ್ಲರದೆಂಬ ಭಾವದಿಂದ ಇಟ್ಟುಕೊಳ್ಳಬೇಕು, ಅವಶ್ಯವಿದ್ದವರೊಡನೆ ಹಂಚಿಕೊಳ್ಳಲು ಸಿದ್ಧನಿರಬೇಕು ಎಂದು ಸೇರಿಸಿದರು. ಎಂದರೆ ಆರೈಕೆ ಮಾಡುವಾಗ ನನ್ನದೆಂಬ ಶ್ರದ್ಧೆ, ಬಳಸುವಾಗ ನಮ್ಮದೆಂಬ ಔದಾರ್ಯ. ನಮ್ಮ ದುರ್ದೈವವೆಂದರೆ ನಾವು ಇದನ್ನು ತಿರುವುಮುರುವು ಮಾಡಿಕೊಂಡಿದ್ದೇವೆ. ನೀರು ತೆಗೆದುಕೊಳ್ಳುವಾಗ ಅದು ನನ್ನದು. ಪೈಪು ಒಡೆದಾಗ ಅದು ಸರಕಾರದ್ದು.

1968ರಲ್ಲಿ ಅಮೆರಿಕದ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ ಈ ಚಿಂತನೆಯನ್ನು ಮುಂದುವರಿಸಿ, ಎಲ್ಲರ ಗೋಮಾಳದಲ್ಲಿ ಪ್ರತಿಯೊಬ್ಬ ದನಗಾಹಿಯೂ ತನಗೊಂದು ದನ ಹೆಚ್ಚಿಸಿಕೊಳ್ಳುತ್ತ ಹೋಗಿ ಕೊನೆಗೆ ಗೋಮಾಳವೇ ಹಾಳಾಗುತ್ತದೆ ಎಂದು ವಾದಿಸಿದನು. ಖಾಸಗಿಯವರ ಕೈಗೆ ಕೊಡಬೇಕು, ಇಲ್ಲವೆ ಸರಕಾರ ಬಿಗಿಯಾಗಿ ಆಳಬೇಕು ಎಂಬ ತೀರ್ಮಾನಕ್ಕೆ ಅನೇಕರು ಬಂದರು. ಮೂರನೆಯ ದಾರಿಯಿದೆ ಎಂದು ತೋರಿಸಿದವರು ಎಲಿನಾರ್ ಆಸ್ಟ್ರಮ್ ಎಂಬ ಮಹಿಳೆ. ಆಕೆಯ ಪ್ರಮುಖ ಗ್ರಂಥ 1990ರಲ್ಲಿ ಪ್ರಕಟವಾಯಿತು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು. ಸಾಮಾನ್ಯ ಜನ ತಾವೇ ನಿಯಮ ಮಾಡಿಕೊಂಡು, ತಾವೇ ಕಾವಲಿದ್ದು, ನೂರಾರು ವರ್ಷ ನೀರನ್ನೂ ಕಾಡನ್ನೂ ಉಳಿಸಿಕೊಂಡಿರುವ ಉದಾಹರಣೆಗಳನ್ನು ಅವರು ಕಲೆಹಾಕಿದರು.

ಸ್ಪೇನ್ ದೇಶದ ವಲೆನ್ಸಿಯಾ ನಗರದ ಪ್ರಧಾನಾಲಯದಲ್ಲಿ ಪ್ರೇಷಿತರ ಬಾಗಿಲು ಎಂಬ ದ್ವಾರವಿದೆ. ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಎಂಟು ಕಾಲುವೆಗಳ ರೈತ ಪ್ರತಿನಿಧಿಗಳು ಆ ಬಾಗಿಲ ಮುಂದೆ ಕುಳಿತು ನೀರಿನ ವ್ಯಾಜ್ಯಗಳನ್ನು ಬಾಯಿಮಾತಿನಲ್ಲಿಯೇ ವಿಚಾರಿಸಿ ತೀರ್ಪು ಕೊಡುತ್ತಾರೆ. ಬಹು ಪ್ರಾಚೀನವಾದ ಈ ನೀರಿನ ನ್ಯಾಯಸಭೆಯನ್ನು 2009ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ರಾಮಥಾಳಕ್ಕೆ ಹೆಚ್ಚು ಹತ್ತಿರವಾದ ಪಾಠ ನೇಪಾಳದ್ದು. ಅಲ್ಲಿನ ನೂರಕ್ಕೂ ಹೆಚ್ಚು ನೀರಾವರಿ ವ್ಯವಸ್ಥೆಗಳನ್ನು ಆಸ್ಟ್ರಮ್ ಮತ್ತು ಸಂಗಡಿಗರು ಅಧ್ಯಯನ ಮಾಡಿದಾಗ ಒಂದು ವಿಚಿತ್ರ ಸಂಗತಿ ಕಂಡಿತು. ಇಂಜಿನಿಯರರು ಕಾಂಕ್ರೀಟಿನಲ್ಲಿ ಕಟ್ಟಿಸಿಕೊಟ್ಟ ಕಾಲುವೆಗಳಿಗಿಂತ ರೈತರೇ ಕಲ್ಲುಮಣ್ಣು ಹಾಕಿ ಕಟ್ಟಿಕೊಂಡ ಕಾಲುವೆಗಳಲ್ಲಿ ಕೊನೆಭಾಗದ ಹೊಲಗಳಿಗೆ ನೀರು ಹೆಚ್ಚು ನಂಬಿಕೆಯಿಂದ ತಲುಪುತ್ತಿತ್ತು. ಏಕೆ? ಮಣ್ಣಿನ ಕಟ್ಟೆ ಪ್ರತಿ ವರ್ಷ ಕೊಚ್ಚಿಹೋಗುತ್ತದೆ. ಅದನ್ನು ಮತ್ತೆ ಕಟ್ಟಲು ಮೇಲ್ಭಾಗದವರ ಕೈ ಸಾಲದು, ಕೊನೆಭಾಗದವರೂ ಬರಬೇಕು. ಅವರು ಬರಬೇಕಾದರೆ ಅವರಿಗೆ ನೀರು ಸಿಗಬೇಕು. ಹೀಗೆ ವರ್ಷವರ್ಷದ ದುರಸ್ತಿಯೇ ಮೇಲಿನವನನ್ನೂ ಕೆಳಗಿನವನನ್ನೂ ಒಂದಾಗಿ ಕಟ್ಟಿಹಾಕಿತ್ತು. ಕಾಂಕ್ರೀಟಿನ ಕಟ್ಟೆ ಬಂದ ಮೇಲೆ ಆ ದುರಸ್ತಿ ಬೇಡವಾಯಿತು. ದುರಸ್ತಿ ಬೇಡವಾದೊಡನೆ ಮೇಲ್ಭಾಗದವನಿಗೆ ಕೊನೆಭಾಗದವನೂ ಬೇಡವಾದನು.

ಪ್ರಿಯ ವಾಚಕರೇ, ಈ ಮಾತನ್ನು ಸ್ವಲ್ಪ ನಿಂತು ಯೋಚಿಸಿರಿ. ಚಳಿಗಾಲದ ಬೇಸರದ ಕೆಲಸಗಳನ್ನು ನಾವು ತೊಂದರೆಯೆಂದು ಎಣಿಸಿ, ಅವು ಇಲ್ಲದ ದಿನ ಬಂದರೆ ಸಾಕೆಂದು ಹಾರೈಸುತ್ತೇವೆ. ಆದರೆ ಜನರನ್ನು ಜನರಿಗೆ ಬೇಕಾದವರನ್ನಾಗಿ ಮಾಡುವುದು ಅನೇಕ ಸಲ ಈ ಬೇಸರದ ಕೆಲಸಗಳೇ. ನಮ್ಮ ಹಿರಿಯರ ಮುಯ್ಯಾಳಿನ ಪದ್ಧತಿಯಲ್ಲಿಯೂ ಇದೇ ಮರ್ಮವಿತ್ತು. ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕೂಲಿ ಉಳಿಯಿತೆಂಬುದು ಅದರ ಒಂದು ಲಾಭ. ಹೊಲದಲ್ಲಿ ಕೂಡಿ ಬುತ್ತಿ ಉಂಡವರು ರಾತ್ರಿ ಒಬ್ಬರ ನೀರನ್ನೊಬ್ಬರು ತಿರುಗಿಸಿಕೊಳ್ಳಲು ನಾಚುತ್ತಿದ್ದರೆಂಬುದು ಅದಕ್ಕಿಂತ ದೊಡ್ಡ ಲಾಭ.

ಕಟ್ಟಿದವರು ಕಾಯ್ದ ಬಗೆ

ಕರ್ನಾಟಕದ ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಎಂಬ ಪದಗಳು ಪರಿಚಿತ. ಕೆರೆ ಕಟ್ಟಿಸಿದ ಅರಸರೂ ಗಾವುಂಡರೂ ಕಟ್ಟಿಸಿದೆವೆಂದು ಕೈ ತೊಳೆದುಕೊಳ್ಳಲಿಲ್ಲ. ಆ ಕೆರೆಯ ಹೂಳು ತೆಗೆಯಲು, ಏರಿ ಗಟ್ಟಿ ಮಾಡಲು, ತೂಬು ನೋಡಿಕೊಳ್ಳಲು ಭೂಮಿಯನ್ನೋ ಬೆಳೆಯ ಪಾಲನ್ನೋ ಮೀಸಲಿಟ್ಟರು. ಕಟ್ಟುವ ಪುಣ್ಯದಷ್ಟೇ ಕಾಯುವ ಹೊಣೆಯೂ ದೊಡ್ಡದೆಂಬುದು ಅವರ ತಿಳಿವಳಿಕೆ. ನಮ್ಮ ಕಾಲದಲ್ಲಿ ಉದ್ಘಾಟನೆಗೆ ಕಲ್ಲು ಹಾಕುತ್ತೇವೆ. ಫಿಲ್ಟರ್ ತೊಳೆದವನ ಹೆಸರಿನ ಕಲ್ಲನ್ನು ಯಾರೂ ನೋಡಿಲ್ಲ.

ಇದೇ ಸೀಮೆಯ ಎಳ್ಳ ಅಮಾವಾಸ್ಯೆಯ ಆಚರಣೆಯನ್ನು ನೆನೆಯಿರಿ. ಹಿಂಗಾರಿ ಬೆಳೆ ಎದೆಯೆತ್ತರ ನಿಂತಿರುವ ಚಳಿಯ ದಿನಗಳಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲುತ್ತ ಹೊಲದ ಸುತ್ತ ನಡೆಯುತ್ತಾರೆ. ಆಚರಣೆಯ ಅರ್ಥ ಅವರವರ ನಂಬಿಕೆಗೆ ಬಿಟ್ಟದ್ದು. ಆದರೆ ವರ್ಷಕ್ಕೊಮ್ಮೆಯಾದರೂ ಹೊಲದ ನಾಲ್ಕು ಎಲ್ಲೆಗಳನ್ನೂ ಕಾಲ್ನಡಿಗೆಯಲ್ಲಿ ಸುತ್ತುವವನಿಗೆ ಒಡೆದ ಬದು ಕಾಣದಿರದು, ಬದುವಿನಾಚೆ ನಿಂತ ನೆರೆಯವನೂ ಕಾಣದಿರನು.

ಮೂರು ಆಕ್ಷೇಪಣೆಗಳು

ಇಷ್ಟು ಹೇಳಿದ ಮೇಲೆ ಕೆಲವು ಪ್ರಶ್ನೆಗಳು ನಿಮ್ಮ ಮನಸ್ಸಿನಲ್ಲಿ ಏಳುವುದು ಸಹಜ. ಅವು ನ್ಯಾಯವಾದ ಪ್ರಶ್ನೆಗಳು. ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ.

ಮೊದಲನೆಯದು: ಸರಕಾರ ಕಟ್ಟಿದ್ದನ್ನು ಸರಕಾರವೇ ನೋಡಿಕೊಳ್ಳಲಿ, ರೈತನ ತಲೆಗೆ ಏಕೆ? ಇದರಲ್ಲಿ ಸತ್ಯವಿದೆ. ನೆಲದಡಿಯ ಮುಖ್ಯ ಕೊಳವೆಯನ್ನೂ ಪಂಪುಗಳನ್ನೂ ಒಬ್ಬ ರೈತ ದುರಸ್ತಿ ಮಾಡಲಾರ. ಅದು ಕಟ್ಟಿಸಿದವರ ಹೊಣೆ, ಆ ಹೊಣೆಯನ್ನು ಕೇಳಿ ಪಡೆಯುವುದೂ ನಾಗರಿಕನ ಕರ್ತವ್ಯವೇ. ಎರಡು ಹಂಗಾಮು ನೀರನ್ನೇ ಕಾಣದ ರೈತನಿಗೆ ಪೈಪು ಜೋಪಾನ ಮಾಡೆಂದು ಬುದ್ಧಿ ಹೇಳುವುದು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತೆ. ಆದರೆ ಒಂದು ಹೊಣೆಗಾರ ತನ್ನ ಪಾಲನ್ನು ಮಾಡಲಿಲ್ಲವೆಂಬುದು ನನ್ನ ಪಾಲನ್ನು ರದ್ದುಮಾಡುವುದಿಲ್ಲ. ನನ್ನ ಹೊಲದೊಳಗಿನ ಪೈಪಿನ ತುದಿ ಬಿಚ್ಚಿ ತೊಳೆಯುವುದಕ್ಕೆ, ಉಳುವಾಗ ಪೈಪನ್ನು ಸುತ್ತಿ ಬದುವಿಗಿಡುವುದಕ್ಕೆ, ಜೋಳದ ಕೂಳೆಗೆ ಬೆಂಕಿ ಹಚ್ಚುವ ಮೊದಲು ನಳಿಕೆ ಎಲ್ಲಿದೆಯೆಂದು ನೋಡುವುದಕ್ಕೆ ಯಾವ ಕಚೇರಿಯ ಅಪ್ಪಣೆಯೂ ಬೇಕಿಲ್ಲ.

ಎರಡನೆಯದು: ಉಳಿದವರು ಯಾರೂ ಮಾಡದಿರುವಾಗ ನಾನೊಬ್ಬನೇ ಮಾಡಿ ಮೂರ್ಖನಾಗಲೆ? ಇದು ಬಹು ಹಳೆಯ ಪ್ರಶ್ನೆ, ಮತ್ತು ಬಹು ಪ್ರಾಮಾಣಿಕವಾದುದು. ಒಬ್ಬನೇ ಸಜ್ಜನನ ಮೇಲೆ ಊರಿನ ಭಾರವನ್ನೆಲ್ಲ ಹೇರುವುದು ನ್ಯಾಯವಲ್ಲವೆಂದೇ ನಾನು ತಿಳಿಯುತ್ತೇನೆ. ಆದುದರಿಂದಲೇ ವೈಯಕ್ತಿಕ ಸದ್ಗುಣ ಸಾಲದು, ಒಪ್ಪಂದ ಬೇಕು. ಒಂದೇ ವಾಲ್ವಿನ ಕೆಳಗಿರುವ ಹತ್ತು ಹದಿನೈದು ಕುಟುಂಬಗಳು ಕುಳಿತು, ಯಾವ ದಿನ ಯಾರು ಫಿಲ್ಟರ್ ತೊಳೆಯಬೇಕು, ಬಾರದವನು ಏನು ಕೊಡಬೇಕು, ನೀರಿನ ಸರದಿ ಹೇಗೆ ಎಂದು ಗೊತ್ತುಮಾಡಿಕೊಳ್ಳಬೇಕು. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ನೀರು ಬಳಕೆದಾರರ ಸಹಕಾರ ಸಂಘಗಳ ಏರ್ಪಾಡಿದೆ. ಸಂಘ ಕಾಗದದ ಮೇಲಿದ್ದರೆ ಅದನ್ನು ಹೊಲಕ್ಕೆ ಇಳಿಸುವುದು ಸದಸ್ಯರ ಕೈಯಲ್ಲಿದೆ. ಮೊದಲು ಮಾಡುವವನು ಮೂರ್ಖನಲ್ಲ. ಆದರೆ ಒಬ್ಬನೇ ಉಳಿಯುವವರೆಗೂ ಅವನನ್ನು ನೋಡುತ್ತ ನಿಂತವರು ಖಂಡಿತವಾಗಿ ತಪ್ಪಿತಸ್ಥರು.

ಮೂರನೆಯದು: ಬಡವನಿಗೆ ಹೊಟ್ಟೆಪಾಡೇ ಕಷ್ಟವಾಗಿರುವಾಗ ಈ ಹೆಚ್ಚಿನ ಕರ್ತವ್ಯಗಳು ಎಲ್ಲಿಂದ? ಇದಕ್ಕೆ ಉತ್ತರ ಹೊಣೆಯ ಅಳತೆಯಲ್ಲಿದೆ. ಎಲ್ಲರೂ ಸಮನಾಗಿ ಹೊರಬೇಕೆಂಬುದು ನ್ಯಾಯದಂತೆ ಕಂಡರೂ ನ್ಯಾಯವಲ್ಲ. ಮೇಲ್ಭಾಗದಲ್ಲಿ ಹೊಲವಿರುವವನಿಗೆ ನೀರು ಮೊದಲು ಸಿಗುತ್ತದೆ. ಆದುದರಿಂದ ಕೊಳವೆಯ ಕಾಳಜಿಯೂ ಮೊದಲು ಅವನದು. ಹತ್ತು ಎಕರೆಯವನಿಗೂ ಅರ್ಧ ಎಕರೆಯವನಿಗೂ ಒಂದೇ ವಂತಿಗೆ ಹಾಕುವ ಸಂಘ ಹೆಚ್ಚು ದಿನ ಬಾಳದು. ಯಾರ ಲೋಪದಿಂದ ಹೆಚ್ಚು ಜನರಿಗೆ ಹಾನಿಯಾಗಬಲ್ಲದೋ ಅವರ ಹೊಣೆಯೇ ಹೆಚ್ಚಿನದು. ಅಧಿಕಾರದಲ್ಲಿರುವವರಿಗೂ ಗುರುಗಳಿಗೂ ತಂದೆತಾಯಿಯರಿಗೂ ಈ ಅಳತೆ ಅನ್ವಯಿಸುತ್ತದೆ.

ಕಾಣದ ಕೈಗಳು

ಇನ್ನೊಂದು ಮಾತು ಹೇಳದಿದ್ದರೆ ಈ ಲೇಖನ ಅಪೂರ್ಣವಾಗುತ್ತದೆ. ಕಾಣದ ಕೆಲಸದ ಬಗ್ಗೆ ಮಾತನಾಡುವ ನಾವು ಅದನ್ನು ಮಾಡುವವರನ್ನೂ ಕಾಣಬೇಕು. ಸವತೆ, ಹೀರೆ, ಕುಂಬಳದ ಒಳ್ಳೆಯ ಕಾಯಿಯನ್ನು ಗಿಡದಲ್ಲೇ ಮಾಗಲು ಬಿಟ್ಟು, ಬೀಜ ತೆಗೆದು ತೊಳೆದು, ಬೂದಿ ಸವರಿ ನೆರಳಲ್ಲಿ ಒಣಗಿಸಿ ಗಂಟು ಕಟ್ಟಿ ಇಡುವವರು ಯಾರು? ಚಳಿಯ ಮುಂಜಾವಿನಲ್ಲಿ ಇಬ್ಬನಿ ತೊಯ್ದ ಸಾಲುಗಳಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಸ ಕೀಳುವವರು ಯಾರು? ಬೆಳಕು ಹರಿಯುವ ಮೊದಲು ಹೂ ಬಿಡಿಸಿ, ಮನೆಗೆಲಸ ಮುಗಿಸಿ, ಮತ್ತೆ ಮಾಲೆ ಕಟ್ಟುವವರು ಯಾರು? ಬಹುತೇಕ ಮನೆಯ ಅವ್ವ, ಅಕ್ಕ, ಸೊಸೆ, ಕೂಲಿಯ ಹೆಣ್ಣುಮಕ್ಕಳು. ಆದರೆ ನೀರಿನ ಸಂಘದ ಸಭೆಯಲ್ಲಿ ಕುಳಿತುಕೊಳ್ಳುವವರು, ಮಾರುಕಟ್ಟೆಯಲ್ಲಿ ಹಣ ಎಣಿಸುವವರು ಹೆಚ್ಚಾಗಿ ಗಂಡಸರು. ಯಾವ ಸಸಿಗೆ ಹನಿ ಬೀಳುತ್ತಿಲ್ಲವೆಂಬುದು ಸಾಲಿನಲ್ಲಿ ಕುಳಿತು ಕಸ ಕೀಳುವವಳಿಗೆ ಮೊದಲು ಗೊತ್ತಾಗುತ್ತದೆ. ಅವಳನ್ನು ಕೇಳದೆ ಮಾಡಿದ ನಿಯಮ ಅರ್ಧ ಕುರುಡು. ದಿನದ ಕೂಲಿಯ ಲೆಕ್ಕದಲ್ಲಾಗಲಿ ಮನೆಯ ಮಾತುಕತೆಯಲ್ಲಾಗಲಿ ಈ ದುಡಿಮೆಗೆ ಬೆಲೆ ಕೊಡದೆ ನಾವು ಬೇರೆಯವರ ಹೊಣೆಗೇಡಿತನವನ್ನು ಟೀಕಿಸುವುದು ಸಲ್ಲದು.

ನಮ್ಮ ನಮ್ಮ ಅಂಗಳದಲ್ಲಿ

ನೀವು ರಾಮಥಾಳದಲ್ಲಿ ಇಲ್ಲದಿರಬಹುದು. ನಿಮಗೆ ಹೊಲವೇ ಇಲ್ಲದಿರಬಹುದು. ಆದರೆ ನಿಮ್ಮ ಊರಿನಲ್ಲಿಯೂ ಎಲ್ಲರದ್ದಾಗಿ ಯಾರದ್ದೂ ಅಲ್ಲದ ವಸ್ತುಗಳಿವೆ. ಶಾಲೆಯ ಶೌಚಾಲಯ, ಓಣಿಯ ನಲ್ಲಿ, ಸ್ಮಶಾನದ ಬೇಲಿ, ದೇವಾಲಯದ ಆವರಣದ ನೀರಿನ ತೊಟ್ಟಿ. ಮನೆಯೊಳಗೂ ಇವೆ. ನಾಲ್ವರು ಮಕ್ಕಳಿರುವ ಮನೆಯಲ್ಲಿ ವಯಸ್ಸಾದ ತಾಯಿಯ ಔಷಧಿ ಮುಗಿದುದನ್ನು ಯಾರೂ ಗಮನಿಸದೆ ಹೋಗುವುದು ಅವರಲ್ಲಿ ಪ್ರೀತಿ ಇಲ್ಲವೆಂದಲ್ಲ. ಇನ್ನೊಬ್ಬ ನೋಡಿರಬಹುದೆಂದು ನಾಲ್ವರೂ ನಂಬಿದ್ದರಿಂದ. ಅರಿಸ್ಟಾಟಲನ ಮಾತು ಹೊಲಕ್ಕಿಂತ ಮೊದಲು ಮನೆಗೆ ಅನ್ವಯಿಸುತ್ತದೆ.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಸಂಕಲ್ಪಗಳನ್ನು ನಾನು ಸೂಚಿಸುತ್ತಿಲ್ಲ. ಈ ಚಳಿಗಾಲ ಮುಗಿಯುವುದರೊಳಗೆ ಪ್ರತಿ ಕುಟುಂಬ ಕೂಡಿ ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳಲಿ. ನಾವು ಬಳಸುವ, ಆದರೆ ನಾವೊಬ್ಬರೇ ಒಡೆಯರಲ್ಲದ ವಸ್ತು ಯಾವುದು? ಅದನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ? ನಾವು ಬಿಟ್ಟ ಕೆಲಸದ ನಷ್ಟ ಯಾರ ಹೊಲದಲ್ಲಿ ಬೀಳುತ್ತಿದೆ? ಉತ್ತರ ಸಿಕ್ಕ ಮೇಲೆ ಒಂದೇ ಒಂದು ಕೆಲಸಕ್ಕೆ ಒಂದು ಹೆಸರು, ಒಂದು ದಿನ ಗೊತ್ತುಮಾಡಿರಿ. ಎಲ್ಲರೂ ನೋಡಿಕೊಳ್ಳೋಣ ಎಂಬ ಮಾತಿನಿಂದ ಯಾವ ಫಿಲ್ಟರೂ ತೊಳೆಯಲ್ಪಟ್ಟಿಲ್ಲ. ಸೋಮವಾರ ಬೆಳಿಗ್ಗೆ ನಾನು ತೊಳೆಯುತ್ತೇನೆ, ಮುಂದಿನ ವಾರ ನೀನು ಎಂಬ ಮಾತಿನಿಂದ ತೊಳೆಯಲ್ಪಡುತ್ತದೆ.

ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿರಿ. ಹೂ ಬಿಡಿಸುವಾಗ ಕರೆದರೆ ಅವರು ಹೂವನ್ನು ಪ್ರೀತಿಸಲು ಕಲಿಯುತ್ತಾರೆ. ಪೈಪಿನ ತುದಿ ಬಿಚ್ಚಿ ಕೆಸರುನೀರು ಹೊರಬಿಡುವಾಗ ಕರೆದರೆ, ಆ ಕೆಸರು ಇಲ್ಲೇ ಉಳಿದಿದ್ದರೆ ಮುಂದಿನ ಸಾಲಿನವರಿಗೆ ಏನಾಗುತ್ತಿತ್ತೆಂದು ವಿವರಿಸಿದರೆ, ಅವರು ನೆರೆಯವರನ್ನು ಲೆಕ್ಕಕ್ಕೆ ಹಿಡಿಯಲು ಕಲಿಯುತ್ತಾರೆ. ಎರಡನೆಯ ಪಾಠಕ್ಕೆ ಪಠ್ಯಪುಸ್ತಕವಿಲ್ಲ.

ಯುಗಾದಿಗೆ ಮಾರುಕಟ್ಟೆಯಲ್ಲಿ ಚೆಂಡುಹೂವಿನ ರಾಶಿ ಬೀಳುತ್ತದೆ. ಕೊಳ್ಳುವವರು ಬೆಲೆ ಕೇಳುತ್ತಾರೆ, ಬಣ್ಣ ನೋಡುತ್ತಾರೆ. ಅದು ಕೊನೆಭಾಗದ ಹೊಲದಿಂದ ಬಂದ ಹೂವೋ ಮೇಲ್ಭಾಗದ್ದೋ ಎಂದು ಯಾರೂ ಕೇಳುವುದಿಲ್ಲ. ಕೊನೆಭಾಗದ ಹೊಲದಲ್ಲಿಯೂ ಹೂವಾಗಿದ್ದರೆ, ಮೇಲ್ಭಾಗದಲ್ಲಿ ಯಾರೋ ಚಳಿಗಾಲದಲ್ಲಿ ತಮ್ಮ ಕೆಲಸ ಮಾಡಿದ್ದಾರೆಂದು ಅರ್ಥ.